ಎಕ್ಸ್‌ಪೋಶರ್ ವಿಸಿಟ್‌ಗೆ ಬರುವ ಡಾಕ್ಟರುಗಳಿಗೆ



ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ನಿಮ್ಮ ಪರಿಚಯದಲ್ಲಿ ಪಿ.ಜಿ. ಮಾಡ್ತಿರೋ ಡಾಕ್ಟರುಗಳಿದ್ರೆ ಅವರಿಗೂ ಕಳಿಸಿ. ಇದು ಅವರ ಮೇಲಿನ ಸಿಟ್ಟಿಗೆ ಬರೆದದ್ದಲ್ಲ. ಅವರಿಗೆ ಪಾಠ ಮಾಡೋರ ಮೇಲೆ ಸಿಟ್ಟಿದೆ, ಅದನ್ನ ಮುಚ್ಚಿಡಲ್ಲ.

ಮೊನ್ನೆ ಒಂದು ಬೋಧನಾ ಆಸ್ಪತ್ರೆಯಿಂದ ಫೋನ್ ಬಂತು. ಯಾವುದು ಅಂತ ಹೇಳಲ್ಲ, ಯಾಕಂದ್ರೆ ಯಾವುದಾದ್ರೂ ಆಗಬಹುದಿತ್ತು. "ಸಾರ್, ನಮ್ಮ ರೆಸಿಡೆಂಟ್ ಡಾಕ್ಟರುಗಳಿಗೆ ಗ್ಲೋಬಲ್ ಹೆಲ್ತ್ ಟ್ರೈನಿಂಗ್ ನಡೀತಿದೆ. ಫಾರಿನ್ನಿಂದಲೂ ನಾಲ್ಕು ಜನ ರೆಸಿಡೆಂಟ್ಸ್ ಬಂದಿದಾರೆ. ನಿಮ್ಮ ಏರಿಯಾಗೆ ಒಂದು ಎಕ್ಸ್‌ಪೋಶರ್ ವಿಸಿಟ್ ಇಟ್ಕೊಂಡಿದೀವಿ. ನೀವು ಕಮ್ಯೂನಿಟಿ ಪರವಾಗಿ ಇಪ್ಪತ್ತು ನಿಮಿಷ ಮಾತಾಡಬೇಕು" ಅಂದ್ರು. ಆಯ್ತು ಅಂದೆ.

ಬಂದ್ರು. ಮಿನಿಬಸ್ ಹಲಸೂರು ಕೆರೆ ಹತ್ರ ನಿಲ್ಲಿಸಿ ನಮ್ಮ ಬೀದಿಗೆ ನಡ್ಕೊಂಡು ಬಂದ್ರು. ಇಪ್ಪತ್ತು ಜನ, ಎಲ್ಲರ ಕೊರಳಲ್ಲೂ ಒಂದೊಂದು ಟ್ಯಾಗು. ಬೀದಿ ಕೊನೇಲಿರೋ ಅಜ್ಜಿ ಬಾಗಿಲಿಗೆ ಬಂದು "ಯಾರಪ್ಪಾ ಇವರೆಲ್ಲಾ, ವೋಟರ್ ಲಿಸ್ಟಿನವ್ರಾ?" ಅಂದ್ರು. "ಇಲ್ಲಜ್ಜಿ, ಡಾಕ್ಟ್ರುಗಳು" ಅಂದೆ. ಅಜ್ಜಿ ತಕ್ಷಣ ಸೆರಗು ಸರಿ ಮಾಡ್ಕೊಂಡು ತಮ್ಮ ಊದಿದ ಮಂಡಿ ತೋರಿಸೋಕೆ ಮುಂದೆ ಬಂದ್ರು. "ಇವತ್ತು ಪೇಶೆಂಟ್ ನೋಡಲ್ಲ ಅಜ್ಜಿ, ಇವತ್ತು ಬರೀ ನೋಡ್ಕೊಂಡು ಹೋಗೋಕೆ ಬಂದಿದಾರೆ" ಅಂತ ಹೇಳಬೇಕಾಯ್ತು. ಹೇಳ್ತಾ ಹೇಳ್ತಾ ನನಗೇ ನಾಚಿಕೆ ಆಯ್ತು.

ಮೋರಿ ಫೋಟೋ ತೆಗೆದ್ರು. ನಲ್ಲಿ ಮುಂದೆ ಸಾಲಾಗಿಟ್ಟ ಬಿಂದಿಗೆ ಫೋಟೋ ತೆಗೆದ್ರು. ಒಬ್ಬ ಹುಡುಗ, ಒಳ್ಳೆಯವನೇ, "ಇಲ್ಲಿ ಜನ ಊಟಕ್ಕೆ ಮುಂಚೆ ಕೈ ತೊಳೆಯೋ ಅಭ್ಯಾಸ ಹೇಗಿದೆ?" ಅಂತ ಕೇಳಿದ. "ಇಲ್ಲಿ ನೀರು ಎಷ್ಟು ಗಂಟೆಗೆ ಬರುತ್ತೆ ಅಂತ ಮೊದಲು ಕೇಳಪ್ಪ" ಅಂದೆ. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಕೆರೆ ನೀರು ಮುಟ್ಟಿದ್ದು ಯಾಕೆ ಅಂತ ಮೆಡಿಕಲ್ ಕಾಲೇಜಲ್ಲಿ ಹೇಳಿಕೊಡಲ್ಲ ಅಲ್ವಾ. ನನ್ನ ಲೆಕ್ಕದಲ್ಲಿ ಈ ದೇಶದ ದೊಡ್ಡ ಸಾರ್ವಜನಿಕ ಆರೋಗ್ಯ ಚಳವಳಿಗಳಲ್ಲಿ ಅದೂ ಒಂದು.

ನನ್ನ ಇಪ್ಪತ್ತು ನಿಮಿಷದಲ್ಲಿ ಜಾತಿ ಅನ್ನೋ ಪದ ನಾಲ್ಕೈದು ಸಲ ಬಂತು. ಟೀ ಕುಡಿಯುವಾಗ ಕಾರ್ಯಕ್ರಮದ ಉಸ್ತುವಾರಿಯವರು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ್ರು: "ಚೆನ್ನಾಗಿತ್ತು ಸಾರ್. ಆದ್ರೆ ಸ್ವಲ್ಪ ಪೊಲಿಟಿಕಲ್ ಆಯ್ತು. ನಾವು ವಲ್ನರಬಲ್ ಪಾಪ್ಯುಲೇಶನ್ ಅಂತೀವಿ."

ಆಮೇಲೆ ಅವರೆಲ್ಲ ಇಂದಿರಾನಗರ ನೂರಡಿ ರಸ್ತೆಗೆ ಊಟಕ್ಕೆ ಹೋದ್ರು. ನಾನು ಮನೆಗೆ ಬಂದೆ. ಅವತ್ತಿಂದ ತಲೇಲಿ ಕೊರೀತಿರೋದನ್ನ ಇಲ್ಲಿ ಬರೀತಿದೀನಿ.

ಮೊದಲು ಆ ಪದ. ಎಕ್ಸ್‌ಪೋಶರ್.

ನಮ್ಮಮ್ಮ ಒಂದು ದೊಡ್ಡ ಆಸ್ಪತ್ರೇಲಿ ಕಂಟ್ರ್ಯಾಕ್ಟಿನ ಮೇಲೆ ವಾರ್ಡ್ ಗುಡಿಸ್ತಿದ್ರು. ಒಂದು ದಿನ ಕಸದ ಕಪ್ಪು ಚೀಲ ಎತ್ತುವಾಗ ಒಳಗಿದ್ದ ಸೂಜಿ ಅಂಗೈಗೆ ಚುಚ್ಚಿತು. ಆ ಸೂಜಿ ಅಲ್ಲಿಗೆ ಬರಲೇಬಾರದು. ಬಳಸಿದ ಸೂಜಿ ಹೋಗಬೇಕಾದ್ದು ತೂತಾಗದ ಬಿಳಿ ಡಬ್ಬಿಗೆ. ಯಾರೋ ಅವಸರದಲ್ಲಿ ಎಸೆದಿದ್ರು. ಮೇಲ್ವಿಚಾರಕ ಡೆಟಾಲ್ ಹಚ್ಚಿ, ಬ್ಯಾಂಡೇಜ್ ಕಟ್ಟಿಸಿ, ಅರ್ಧ ದಿನದ ಸಂಬಳ ಹಿಡಿದು ಮನೆಗೆ ಕಳಿಸಿದ. ಯಾವ ರಕ್ತ ಪರೀಕ್ಷೆಯೂ ಇಲ್ಲ, ಯಾವ ಲಸಿಕೆಯೂ ಇಲ್ಲ. ಅದೇ ವಾರ್ಡಲ್ಲಿ ಒಬ್ಬ ಡಾಕ್ಟರಿಗೆ ಸೂಜಿ ಚುಚ್ಚಿದಾಗ ಫೈಲ್ ಓಡಾಡಿದ್ದನ್ನ ಅಮ್ಮನೇ ನೋಡಿದ್ರು. "ಅವರದ್ದೂ ರಕ್ತ, ನಂದೂ ರಕ್ತ" ಅಂತ ಒಂದೇ ಸಲ ಅಂದಿದ್ರು, ಮತ್ತೆ ಆ ವಿಷಯ ಎತ್ತಲಿಲ್ಲ. ನಾವು ಆರು ತಿಂಗಳು ಭಯದಲ್ಲಿದ್ವಿ. ಏನೂ ಆಗಲಿಲ್ಲ, ಅದೃಷ್ಟ.

ಆ ಭಯ ಸುಮ್ಮನೆ ಬಂದದ್ದಲ್ಲ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಇರೋ ರೋಗಿಯ ಸೂಜಿ ಚುಚ್ಚಿದ್ರೆ ಸೋಂಕು ತಗಲುವ ಸಾಧ್ಯತೆ 100ಕ್ಕೆ 30ರವರೆಗೆ ಇದೆ ಅಂತ ಮೆಡಿಕಲ್ ಪುಸ್ತಕಗಳೇ ಹೇಳ್ತವೆ. ಹೆಪಟೈಟಿಸ್ ಸಿ ಆದ್ರೆ ಸುಮಾರು 3, ಎಚ್‌ಐವಿ ಆದ್ರೆ ಸುಮಾರು 0.3. ಹೆಪಟೈಟಿಸ್ ಬಿ ಲಸಿಕೆ ದುಬಾರಿಯೂ ಅಲ್ಲ, ಅಪರೂಪದ್ದೂ ಅಲ್ಲ. ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳು ಆ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸಬೇಕು ಅಂತ ಬರೆದೇ ಇವೆ. ನಿಮ್ಮ ಆಸ್ಪತ್ರೆಯ ಗುತ್ತಿಗೆ ಕೆಲಸದವರನ್ನ ಕೇಳಿ ನೋಡಿ, ಎಷ್ಟು ಡೋಸ್ ಆಗಿದೆ ಅಂತ.

ಡಾಕ್ಟರುಗಳ ಡಿಕ್ಷನರೀಲಿ ಈ ಸೂಜಿ ಚುಚ್ಚೋದಕ್ಕೂ ಎಕ್ಸ್‌ಪೋಶರ್ ಅಂತಲೇ ಹೆಸರು. ಮ್ಯಾನ್‌ಹೋಲ್ ಗ್ಯಾಸ್ ಕುಡಿಯೋದಕ್ಕೂ ಅದೇ ಹೆಸರು. ನಮ್ಮ ಬೀದಿಗೆ ಎರಡು ಗಂಟೆ ಬಂದು ಹೋಗೋದಕ್ಕೂ ಅದೇ ಹೆಸರು. ನಿಮ್ಮ ಎಕ್ಸ್‌ಪೋಶರ್‌ಗೆ ಸರ್ಟಿಫಿಕೇಟ್ ಇದೆ. ನಮ್ಮದಕ್ಕೆ ಬ್ಯಾಂಡೇಜೂ ಸರಿಯಾಗಿಲ್ಲ.

ಇನ್ನು ಗ್ಲೋಬಲ್ ಹೆಲ್ತ್. ಇದೇನೋ ಹೊಸದಾಗಿ ಏರ್‌ಪೋರ್ಟಲ್ಲಿ ಇಳಿದಿದೆ ಅನ್ನೋ ಹಾಗೆ ಮಾತಾಡ್ತಾರೆ. ದಂಡು ಪ್ರದೇಶದಲ್ಲಿ ಹುಟ್ಟಿದವನಿಗೆ ಇದು ಹೊಸದಲ್ಲ. ಮಲೇರಿಯಾ ಸೊಳ್ಳೆ ಕಂಡುಹಿಡಿದು 1902ರಲ್ಲಿ ನೊಬೆಲ್ ತಗೊಂಡ ರೊನಾಲ್ಡ್ ರಾಸ್ 1883ರಲ್ಲಿ ಇದೇ ಬೆಂಗಳೂರಲ್ಲಿ ಗ್ಯಾರಿಸನ್ ಸರ್ಜನ್ ಆಗಿ ಕೆಲಸ ಮಾಡಿದವನು. 1895ರಲ್ಲಿ ಕಾಲರಾ ತಡೆಯೋಕೆ ಅಂತ ಮತ್ತೆ ಇಲ್ಲಿಗೇ ಕಳಿಸಿದ್ರು. 1898ರಲ್ಲಿ ಲಿವರ್‌ಪೂಲ್, 1899ರಲ್ಲಿ ಲಂಡನ್ ಟ್ರಾಪಿಕಲ್ ಮೆಡಿಸಿನ್ ಶಾಲೆಗಳು ಶುರುವಾದದ್ದು ಮುಖ್ಯವಾಗಿ ಸಾಮ್ರಾಜ್ಯದ ಸೈನಿಕರೂ ಅಧಿಕಾರಿಗಳೂ ವ್ಯಾಪಾರಿಗಳೂ ಇಲ್ಲಿ ಸಾಯಬಾರದು ಅಂತ. ಅದೇ 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಅದಾದ ಮೇಲೆ ಗಾಳಿ ಬೆಳಕಿನ ಹೊಸ ಬಡಾವಣೆಗಳು ಎದ್ದವು: ಆ ಕಡೆ ಬಸವನಗುಡಿ, ಮಲ್ಲೇಶ್ವರ, ಈ ಕಡೆ ರೆಸಿಡೆಂಟ್ ಫ್ರೇಸರನ ಹೆಸರಲ್ಲಿ ಫ್ರೇಸರ್ ಟೌನ್. ಶಿವಾಜಿನಗರದ ದೊಡ್ಡಾಸ್ಪತ್ರೆಯ ಹೆಸರಲ್ಲಿ ಕಮಿಷನರ್ ಬೌರಿಂಗ್ ಇದಾರೆ, ವೈಸರಾಯ್ ಹೆಂಡತಿ ಲೇಡಿ ಕರ್ಜನ್ ಇದಾರೆ. ಪ್ಲೇಗ್ ಹೆಣ ಹೊತ್ತವರು, ಕಕ್ಕಸು ಬಳಿದವರು, ಬೀದಿ ಗುಡಿಸಿದವರು ಯಾವ ರಸ್ತೆ ಬೋರ್ಡಲ್ಲೂ ಇಲ್ಲ.

ಇದು ಹಳೇ ಕಥೆ ಬಿಡಿ ಅಂತೀರಾ? ಸರಿ, ಸ್ವಾತಂತ್ರ್ಯದ ನಂತರದ್ದು ಹೇಳ್ತೀನಿ, ಇದನ್ನ ರೆಸಿಡೆಂಟ್ ಡಾಕ್ಟರುಗಳು ತಿಳ್ಕೊಳ್ಳಲೇಬೇಕು.

ಬಳ್ಳಾರಿ ರಸ್ತೇಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ಶುರುವಾಯ್ತು, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಜೊತೆಗಿದ್ದವು. ಅಲ್ಲಿದ್ದ ದೇವಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಟಿಬಿ ಇದ್ದ ಜನರನ್ನೇ ಕೂತು ಕೇಳಿದ್ರು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್ನಲ್ಲಿ ಅದು ಪ್ರಕಟವಾಯ್ತು. ಅಲ್ಲಿವರೆಗೂ ದೊಡ್ಡವರ ನಂಬಿಕೆ ಏನಿತ್ತು? ಹಳ್ಳಿ ಜನಕ್ಕೆ ಅರಿವಿಲ್ಲ, ಆಸ್ಪತ್ರೆಗೆ ಬರಲ್ಲ, ಮೂಢನಂಬಿಕೆ ಅಂತ. ಇವರಿಗೆ ಸಿಕ್ಕಿದ್ದೇ ಬೇರೆ. ರೋಗಿಗಳಲ್ಲಿ ಬಹುಪಾಲು ಜನಕ್ಕೆ ತಮಗೆ ಏನೋ ಆಗಿದೆ ಅನ್ನೋದು ಚೆನ್ನಾಗಿ ಗೊತ್ತಿತ್ತು. ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ರು. ಹೋದವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿ ಬಾಟ್ಲಿ. ಕಫ ಪರೀಕ್ಷೆ ಮಾಡದೆ ವಾಪಸ್ ಕಳಿಸಿದ್ರು.

ಅರ್ಥ ಆಯ್ತಾ? ಅರಿವು ಇಲ್ಲದಿದ್ದದ್ದು ಬೆಂಚಿನ ಈ ಕಡೆ ಅಲ್ಲ, ಟೇಬಲಿನ ಆ ಕಡೆ.

ಅದೇ ಸಂಸ್ಥೇಲಿ ಕೆಲಸ ಮಾಡಿದ ಡೆನ್ಮಾರ್ಕಿನ ಡಾಕ್ಟರು ಹಾಫ್ಡಾನ್ ಮಾಹ್ಲರ್ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದ್ರು. 1978ರಲ್ಲಿ ಆಲ್ಮಾ ಆಟಾದಲ್ಲಿ, 2000ನೇ ಇಸವಿಗೆ ಎಲ್ಲರಿಗೂ ಆರೋಗ್ಯ ಅಂತ ಜಗತ್ತೇ ಒಪ್ಪಿಕೊಂಡಾಗ ಮುಂದೆ ನಿಂತವರು ಅವರೇ. ಅಂದ್ರೆ ಗ್ಲೋಬಲ್ ಹೆಲ್ತಿನ ಒಂದು ಒಳ್ಳೆ ಪಾಠ ಇಲ್ಲೇ, ಕೆಮ್ಮುತ್ತಿದ್ದ ಬಡವರ ಬಾಯಿಂದ ಹೋಗಿದ್ದು. ಈಗ ಅದನ್ನ ಪವರ್‌ಪಾಯಿಂಟಲ್ಲಿ ಸುತ್ತಿ ನಮಗೇ ವಾಪಸ್ ತರ್ತಿದಾರೆ, ಬಡವರ ಬಾಯಿ ಮಾತ್ರ ಬಿಟ್ಟು.

"ಜಾತಿ ಯಾಕೆ ತರ್ತೀರಿ, ಬಡತನ ಅನ್ನಿ ಸಾಕು" ಅನ್ನೋರಿಗೆ ಒಂದು ಲೆಕ್ಕ. 2018ರ ಯುಎನ್ ವಿಮೆನ್ ವರದಿ ಭಾರತದ್ದೇ ಸಮೀಕ್ಷೆ ಇಟ್ಕೊಂಡು ಹೇಳಿದ್ದು: ದಲಿತ ಹೆಂಗಸರು ಸಾಯುವ ಸರಾಸರಿ ವಯಸ್ಸು 39.5, ಮೇಲ್ಜಾತಿ ಹೆಂಗಸರದ್ದು 54.1. ಹದಿನಾಲ್ಕೂವರೆ ವರ್ಷದ ವ್ಯತ್ಯಾಸ. ಈ ಊರಲ್ಲಿ ಬೆಳಿಗ್ಗೆ ಆರು ಗಂಟೆಗೆ ಪೊರಕೆ ಹಿಡಿದು ನಿಂತಿರೋ ಹೆಂಗಸರು ಯಾವ ಜಾತಿಯವರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬಡ ಬ್ರಾಹ್ಮಣರು ಈ ನಾಡಲ್ಲಿ ಬೇಕಾದಷ್ಟು ಜನ ಇದಾರೆ. ಮ್ಯಾನ್‌ಹೋಲಿಗೆ ಇಳಿದವರನ್ನ ಒಬ್ಬರನ್ನ ತೋರಿಸಿ.

1700ರಲ್ಲಿ ಇಟಲಿಯ ರಮಜ್ಜಿನಿ ಅನ್ನೋ ವೈದ್ಯ ಕೆಲಸಗಾರರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕ ಬರೆದ. ಅವನಿಗೆ ಆ ಯೋಚನೆ ಬಂದದ್ದು ತನ್ನ ಮನೆಯ ಮಲದ ಗುಂಡಿ ಬಳಿಯುತ್ತಿದ್ದ ಒಬ್ಬನನ್ನ ನೋಡಿ, ಅವನ ಹತ್ರ ಮಾತಾಡಿ. ರೋಗಿಯನ್ನ ಕೇಳೋ ಪ್ರಶ್ನೆಗಳ ಜೊತೆಗೆ ನಿನ್ನ ಕೆಲಸ ಏನು ಅನ್ನೋದನ್ನೂ ಕೇಳಿ ಅಂತ ಅವನು ಡಾಕ್ಟರುಗಳಿಗೆ ಹೇಳಿದ. ಮುನ್ನೂರು ವರ್ಷ ದಾಟಿದೆ. ನಮ್ಮ ಕೇಸ್ ಶೀಟಲ್ಲಿ ಇವತ್ತಿಗೂ ಉದ್ಯೋಗದ ಜಾಗದಲ್ಲಿ ಒಂದೇ ಪದ: ಕೂಲಿ. ಯಾವ ಕೂಲಿ? ಎಲ್ಲಿ ಇಳಿದೆ, ಏನು ಮುಟ್ಟಿದೆ, ಏನು ಕುಡಿದೆ? ಕೇಳಲ್ಲ.

ಕೇಳದಿದ್ರೆ ಏನಾಗುತ್ತೆ ಅಂತ ಒಂದು ರಾತ್ರಿಯ ಕಥೆ ಹೇಳ್ತೀನಿ.

ಕೆಲವು ವರ್ಷದ ಹಿಂದೆ, ಕೆ.ಆರ್. ಪುರಂ ಕಡೆಯಿಂದ ಫೋನ್ ಬಂತು. ಒಂದು ಅಪಾರ್ಟ್‌ಮೆಂಟಿನ ಗುಂಡಿಗೆ ಒಬ್ಬ ಇಳಿದಿದ್ದ, ಮೇಲೆ ಬರಲಿಲ್ಲ, ಅವನನ್ನ ಎತ್ತೋಕೆ ಅಂತ ಅಣ್ಣ ಇಳಿದ. ಇಂಥ ಕಡೆ ಸಾಮಾನ್ಯವಾಗಿ ಇರೋದು ಹೈಡ್ರೋಜನ್ ಸಲ್ಫೈಡ್. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ. ಜಾಸ್ತಿ ಆದಾಗ ಮೂಗಿನ ಶಕ್ತಿಯೇ ಸತ್ತುಹೋಗುತ್ತೆ, ವಾಸನೆ ಗೊತ್ತಾಗಲ್ಲ, ಒಂದೆರಡು ಉಸಿರಿಗೆ ಕುಸಿದು ಬೀಳ್ತಾರೆ. ಅದಕ್ಕೇ ಎತ್ತೋಕೆ ಹೋದವರೂ ಸಾಯ್ತಾರೆ. ಅವತ್ತು ತಮ್ಮ ಸತ್ತ, ಅಣ್ಣ ಬದುಕಿದ.

ನಾವು ಆಸ್ಪತ್ರೆ ಮುಟ್ಟಿದಾಗ ರಾತ್ರಿ ಎರಡು ಗಂಟೆ. ಕಂಟ್ರ್ಯಾಕ್ಟರ್ ಕಡೆಯವನು ಆಗಲೇ ಬಂದು ಹೇಳಿಯಾಗಿತ್ತು: ಕಾಲು ಜಾರಿ ಬಿದ್ದ ಅಂತ. ಶೀಟಲ್ಲಿ ಅದನ್ನೇ ಬರೆದಿದ್ರು, ಅಲೆಜ್ಡ್ ಹಿಸ್ಟರಿ ಆಫ್ ಫಾಲ್. ಬಿದ್ದ ಅಂತೆ. ಬರೆದದ್ದು ಒಬ್ಬಳು ರೆಸಿಡೆಂಟ್ ಹುಡುಗಿ. ನಮ್ಮವರು ಗಲಾಟೆ ಶುರು ಮಾಡಿದ್ರು. ನಾನೂ ಕೂಗಾಡಿದೆ, ಸುಳ್ಳು ಹೇಳಲ್ಲ. ಆ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು "ಸಾರ್, ನಾನು ನಿನ್ನೆ ಬೆಳಿಗ್ಗೆಯಿಂದ ಡ್ಯೂಟೀಲಿದೀನಿ. ನನಗೆ ಗೊತ್ತಿಲ್ಲ, ನೀವೇ ಹೇಳಿ, ಏನು ಕೇಳಬೇಕಿತ್ತು?" ಅಂದ್ಲು.

ಆಗ ಹೇಳಿದೆ. 2013ರ ಕಾಯ್ದೆ ಪ್ರಕಾರ ರಕ್ಷಣಾ ಸಾಧನ ಇಲ್ಲದೆ ಒಳಚರಂಡಿಗೆ ಮನುಷ್ಯರನ್ನ ಇಳಿಸೋದು ಅಪರಾಧ. ಸುಪ್ರೀಂ ಕೋರ್ಟ್ 2014ರಲ್ಲೇ ಇಂಥ ಸಾವಿಗೆ 10 ಲಕ್ಷ ಪರಿಹಾರ ಕೊಡಬೇಕು ಅಂದಿದೆ. ಆದ್ರೆ ಬಿದ್ದ ಅಂತ ಬರೆದ್ರೆ ಅದು ಬರೀ ಆಕ್ಸಿಡೆಂಟ್. ಕಾಯ್ದೆ ಇಲ್ಲ, ಅಟ್ರಾಸಿಟಿ ಕೇಸ್ ಇಲ್ಲ, ಪರಿಹಾರಕ್ಕೆ ವರ್ಷಗಟ್ಟಲೆ ಅಲೀಬೇಕು. ಅವಳು ಅಣ್ಣನ ಹಾಸಿಗೆ ಹತ್ರ ಹೋಗಿ ಕೂತಳು. "ನೀವು ಎಲ್ಲಿ ಕೆಲಸ ಮಾಡ್ತಿದ್ರಿ? ಯಾರು ಇಳೀರಿ ಅಂದ್ರು? ಮುಖಕ್ಕೆ ಏನಾದ್ರೂ ಕೊಟ್ಟಿದ್ರಾ?" ಅಂತ ಕೇಳಿದ್ಲು. ಅವನು ಹೇಳಿದ್ದನ್ನ ಹೇಳಿದ ಹಾಗೇ ಬರೆದು, ಟೈಮ್ ಹಾಕಿ, ಸಹಿ ಮಾಡಿದ್ಲು. ಆ ನಾಲ್ಕು ಸಾಲು ಇಟ್ಕೊಂಡೇ ಎಫ್‌ಐಆರ್ ಆಯ್ತು.

2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟ್ ಆ ಪರಿಹಾರವನ್ನ 30 ಲಕ್ಷಕ್ಕೆ ಏರಿಸಿದೆ. ಶಾಶ್ವತ ಅಂಗವೈಕಲ್ಯಕ್ಕೆ 20 ಲಕ್ಷ. ಒಂದು ಕುಟುಂಬಕ್ಕೆ ಅದು ಸಿಗುತ್ತೋ ಇಲ್ವೋ ಅನ್ನೋದು ರಾತ್ರಿ ಎರಡು ಗಂಟೇಲಿ ನಿದ್ದೆ ಇಲ್ಲದ ಒಬ್ಬ ರೆಸಿಡೆಂಟ್ ಏನು ಬರೀತಾರೆ ಅನ್ನೋದರ ಮೇಲೂ ನಿಂತಿದೆ. ಇದನ್ನ ಅವಳಿಗೆ ಕ್ಲಾಸಲ್ಲಿ ಯಾರೂ ಹೇಳಿರಲಿಲ್ಲ. ಆಫ್ರಿಕಾದ ಎಬೋಲಾ ಬಗ್ಗೆ ಹೇಳಿದ್ರಂತೆ. ಅದೂ ಬೇಕು, ಬೇಡ ಅನ್ನಲ್ಲ. ಆದ್ರೆ ಕೆ.ಆರ್. ಪುರಂ ಯಾವ ಖಂಡದಲ್ಲಿದೆ?

ಈಗ ಸರ್ಕಾರದ ಲೆವೆಲ್ಲಿನ ಮಾತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದ ಪ್ರಕಾರ 2021ರ ಬ್ಯಾಚಿನಿಂದ ಎಂ.ಡಿ., ಎಂ.ಎಸ್. ಮಾಡೋರು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗಳ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕು. ಒಳ್ಳೇದು. ಆ ಮೂರು ತಿಂಗಳು ಹಾಜರಿ ಪುಸ್ತಕಕ್ಕೆ ಸಹಿ ಹಾಕೋದಾಗದೆ ನಿಜವಾದ ಕಲಿಕೆ ಆದ್ರೆ ಇನ್ನೂ ಒಳ್ಳೇದು. ಎಂಬಿಬಿಎಸ್ ಮಕ್ಕಳಿಗೆ ಕುಟುಂಬ ದತ್ತು ಅಂತ ಇನ್ನೊಂದು ಕಾರ್ಯಕ್ರಮ ಇದೆ. ಮನೆಗಳಿಗೆ ಹೋಗಿ ಬಂದು ಮಾಡೋದು ಸರಿ, ಆ ಹೆಸರು ಯಾರು ಇಟ್ರೋ. ಹತ್ತೊಂಬತ್ತು ವರ್ಷದ ಹುಡುಗ ಬಂದು, ಮೂರು ಮಕ್ಕಳನ್ನ ಸಾಕಿ ಮದುವೆ ಮಾಡಿದ ಹೆಂಗಸನ್ನ ದತ್ತು ತಗೊಳ್ಳೋದಾ? ನಾವೇನು ಅನಾಥರಾ? ಅವನು ಅವಳ ಹತ್ರ ವಿದ್ಯಾರ್ಥಿಯಾಗಿ ಬರಲಿ.

"ಡಾಕ್ಟರಿಗೆ ಜಾತಿ ಇಲ್ಲ" ಅನ್ನೋ ಮಾತು ಇನ್ನೊಂದು. 2007ರಲ್ಲಿ ಥೋರಟ್ ಸಮಿತಿ ದೆಹಲಿಯ ಏಮ್ಸ್‌ನಲ್ಲೇ ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಆಗ್ತಿದ್ದ ಭೇದಭಾವವನ್ನ ದಾಖಲೆ ಮಾಡಿದೆ. 2019ರ ಮೇ 22ರಂದು ಮುಂಬೈಯಲ್ಲಿ ಆದಿವಾಸಿ ಹೆಣ್ಣುಮಗಳು ಡಾ. ಪಾಯಲ್ ತಡವಿ ತೀರಿಕೊಂಡಳು. ಅವಳೂ ರೆಸಿಡೆಂಟೇ. ಸೀನಿಯರುಗಳು ಜಾತಿ ಹಿಡಿದು ಹಿಂಸೆ ಕೊಟ್ರು ಅನ್ನೋದು ಮನೆಯವರ ದೂರು, ಕೇಸ್ ಆಯ್ತು. ಅವತ್ತು ನಮ್ಮ ಬೀದಿಗೆ ಬಂದ ಇಪ್ಪತ್ತು ಜನರಲ್ಲಿ ಒಬ್ಬ ಹುಡುಗ ಎಲ್ಲರೂ ಬಸ್ ಹತ್ತಿದ ಮೇಲೆ ಹಿಂದೆ ಉಳಿದು, ಮೆಲ್ಲಗೆ "ಜೈಭೀಮ್ ಅಣ್ಣಾ" ಅಂದ. ಸುತ್ತ ನೋಡಿ ಅಂದ. ನನ್ನ ಕರುಳು ಹಿಂಡಿದಂತಾಯ್ತು. ಅವನಿಗೆ ಯಾವ ಎಕ್ಸ್‌ಪೋಶರ್ ಬೇಕು ಹೇಳಿ. ಅಂಥದ್ದೇ ಮನೇಲಿ ಹುಟ್ಟಿ ಬಂದವನು. ಅವನನ್ನ ಮುಂದೆ ನಿಲ್ಲಿಸಿ ಪಾಠ ಮಾಡು ಅನ್ನೋ ಧೈರ್ಯ ಆ ಟ್ರೈನಿಂಗಿಗೆ ಇದ್ಯಾ?

ನಮ್ಮದೂ ತಪ್ಪಿದೆ. ಯಾರಾದ್ರೂ ಸತ್ತಾಗ ಮಾತ್ರ ನಾವು ಆಸ್ಪತ್ರೆ ಗೇಟಿಗೆ ಬಾವುಟ ಹಿಡಿದು ಹೋಗ್ತೀವಿ. ಬದುಕಿದ್ದವರ ಲಸಿಕೆ, ಬಿ.ಪಿ., ಶ್ವಾಸಕೋಶದ ಬಗ್ಗೆ ಎಷ್ಟು ಮೀಟಿಂಗ್ ಮಾಡಿದೀವಿ? ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವ ಪದ್ಧತಿ ನಿಷೇಧ ಮಾಡಿದ್ರು. ನಾವು ಅದನ್ನ ಆತ್ಮಗೌರವದ ವಿಷಯ ಅಂತ ಭಾಷಣ ಮಾಡ್ತೀವಿ, ನಿಜ. ಅದು ಆರೋಗ್ಯದ ಕ್ರಮವೂ ಆಗಿತ್ತು ಅನ್ನೋದನ್ನ ಮರೀತೀವಿ. ಆರೋಗ್ಯವನ್ನ ನಾವೇ ಡಾಕ್ಟರುಗಳಿಗೆ ಬಿಟ್ಟುಕೊಟ್ಟು, ಆಮೇಲೆ ಅವರಿಗೆ ಗೊತ್ತಿಲ್ಲ ಅಂತ ಬೈದರೆ ಹೇಗೆ?

ಹಾಗಾಗಿ ಬರೀ ಬೈಗುಳಕ್ಕೆ ನಿಲ್ಲಿಸಲ್ಲ. ಮುಂದಿನ ಸಲ ನನ್ನನ್ನ ಕರೆಯೋದಾದ್ರೆ, ಅಥವಾ ಬೇರೆ ಯಾರನ್ನೇ ಕರೆದ್ರೂ, ಇಷ್ಟು ಮಾಡಿ:

1. ಟ್ರೈನಿಂಗಿನ ಮೊದಲ ದಿನ ನಿಮ್ಮದೇ ಆಸ್ಪತ್ರೆಯ ಹಿಂಬಾಗಿಲಿಗೆ ಹೋಗಿ. ಕಸ ಎಲ್ಲಿ ಹೋಗುತ್ತೆ, ಯಾರು ಎತ್ತುತ್ತಾರೆ, ಅವರಿಗೆ ಲಸಿಕೆ ಆಗಿದ್ಯಾ ನೋಡಿ. ಅದು ಆಗೋವರೆಗೂ ಯಾರಿಗೂ ಸರ್ಟಿಫಿಕೇಟ್ ಬೇಡ.

2. ಕೇಸ್ ಶೀಟಲ್ಲಿ "ಕೂಲಿ" ಅಂತ ಬರೆಯೋದು ನಿಲ್ಲಿಸಿ. ಕೆಲಸ ಏನು, ಎಷ್ಟು ವರ್ಷ, ಏನು ಮುಟ್ಟುತ್ತಾರೆ, ಬರೀರಿ. ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕ್ ಕೇಸ್ ಬಂದಾಗ ಏನೇನು ಕೇಳಿ ಬರೆಯಬೇಕು ಅಂತ ಕ್ಯಾಶುವಾಲ್ಟಿ ಗೋಡೆಗೆ ಕನ್ನಡದಲ್ಲೂ ಇಂಗ್ಲಿಷಲ್ಲೂ ಅಂಟಿಸಿ.

3. ಪೌರಕಾರ್ಮಿಕರು, ವಾರ್ಡ್ ಆಯಾಗಳು ಪಾಠ ಮಾಡಲಿ. ಪ್ರೊಫೆಸರಿಗೆ ಕೊಡೋ ಗೌರವಧನವನ್ನೇ ಅವರಿಗೂ ಕೊಡಿ. ಅವತ್ತಿನ ಕೂಲಿ ಅಲ್ಲ, ಗೌರವಧನ.

4. ನಮ್ಮ ಬೀದೀಲಿ ಫೋಟೋ ತೆಗೀಬೇಡಿ. ಏನಾದ್ರೂ ಸಮೀಕ್ಷೆ ಮಾಡಿದ್ರೆ ಅದರ ಫಲಿತಾಂಶವನ್ನ ಕನ್ನಡ, ತಮಿಳು, ಉರ್ದು ಮೂರರಲ್ಲೂ ವಾಪಸ್ ತಂದು ಹೇಳಿ. ಸ್ಟೆತಾಸ್ಕೋಪ್ ತನ್ನಿ. ಅಜ್ಜಿ ಮಂಡಿ ನೋಡಿ.

5. 2012ರ ಯುಜಿಸಿ ಸಮಾನತಾ ನಿಯಮಗಳು ಬಂದು ಎಷ್ಟು ವರ್ಷ ಆಯ್ತು. ನಿಮ್ಮ ಕಾಲೇಜಲ್ಲಿ ದಲಿತ, ಆದಿವಾಸಿ ರೆಸಿಡೆಂಟ್‌ಗಳು ಭಯ ಇಲ್ಲದೆ ದೂರು ಕೊಡೋಕೆ ಜಾಗ ಇದ್ಯಾ, ಅಲ್ಲಿ ಕೂತಿರೋರು ಯಾರು, ಬಹಿರಂಗವಾಗಿ ಹೇಳಿ.

6. ಕೊನೇದು, ಖರ್ಚೇ ಇಲ್ಲದ್ದು. ರೋಗಿಗಳಿಗೆ "ನೀವು" ಅನ್ನಿ. ಕಾರಲ್ಲಿ ಬಂದವರಿಗೆ "ಎಷ್ಟು ದಿನದಿಂದ ಕೆಮ್ಮು ಇದೆ ನಿಮಗೆ?" ನಮ್ಮಮ್ಮನಿಗೆ "ಏನಮ್ಮಾ, ಎಷ್ಟು ದಿನದಿಂದ ನಿಂಗೆ?" ಈ ವ್ಯತ್ಯಾಸ ಯಾವ ಸ್ಕ್ಯಾನಲ್ಲೂ ಕಾಣಲ್ಲ, ಆದ್ರೆ ಬೆಂಚ್ ಮೇಲೆ ಕೂತವರಿಗೆ ಮೊದಲು ಕೇಳೋದೇ ಇದು. ಅವತ್ತು ರಾತ್ರಿ ಆ ರೆಸಿಡೆಂಟ್ ಹುಡುಗಿ ಅಣ್ಣನ ಪಕ್ಕ ಕೂತು "ನೀವು" ಅಂತ ಶುರು ಮಾಡಿದ್ದಕ್ಕೇ ಅವನು ಬಾಯಿಬಿಟ್ಟ. ಅದಕ್ಕೆ ಮುಂಚೆ ಅವನು ಯಾರಿಗೂ ಏನೂ ಹೇಳಿರಲಿಲ್ಲ.

ಈ ಆರರಲ್ಲಿ ಪೊಲಿಟಿಕಲ್ ಯಾವುದು, ಮೆಡಿಕಲ್ ಯಾವುದು ಅಂತ ಬೇರೆ ಮಾಡಿ ತೋರಿಸಿದವರಿಗೆ ನನ್ನ ಖರ್ಚಲ್ಲಿ ಶಿವಾಜಿನಗರದಲ್ಲಿ ಟೀ.

ಕಾಮೆಂಟಲ್ಲಿ "ರಿಸರ್ವೇಶನ್ ಡಾಕ್ಟ್ರು" ಅಂತ ಬರೆಯೋಕೆ ಬರೋರು ದಯವಿಟ್ಟು ಒಮ್ಮೆ ನಿಮ್ಮ ಏರಿಯಾದ ಸರ್ಕಾರಿ ಆಸ್ಪತ್ರೇಲಿ ರಾತ್ರಿ ಎರಡು ಗಂಟೆಗೆ ಹೋಗಿ ನಿಂತು, ಅಲ್ಲಿ ಯಾರು ಎಚ್ಚರ ಇದಾರೆ ನೋಡ್ಕೊಂಡು ಬಂದು ಬರೀರಿ.

ಆ "ಜೈಭೀಮ್ ಅಣ್ಣಾ" ಅಂದ ತಮ್ಮನಿಗೆ: ಇದನ್ನ ಓದ್ತಿದ್ರೆ, ಮುಂದಿನ ಸಲ ಜೋರಾಗಿ ಹೇಳು. ನಾವಿದೀವಿ.

ಜೈಭೀಮ್.